ಸುವೈಕ್‌ನಲ್ಲಿ ಡಿಮ್ ಸಮ್: ಅರ್ಥವಾಗದ ಕೆಲವು ಸಂಗತಿಗಳು

ಮಸ್ಕತ್‌ನಿಂದ ಒಮಾನಿನ ಬಾತಿನಾ ಕರಾವಳಿ ಹಿಡಿದು ಸುಮಾರು 130 ಕಿ.ಮೀ. ಬಂದರೆ ಸುವೈಕ್. ಖರ್ಜೂರದ ತೋಟ, ನಿಂಬೆ ಗಿಡ, ಮೀನು ಪೇಟೆ, ಒಂದು ಕೋಟೆ, ಹೆಸರು ಮಾಡಿದ ಫುಟ್‌ಬಾಲ್ ಕ್ಲಬ್ಬು. ಹೆದ್ದಾರಿಯುದ್ದಕ್ಕೂ ಮಲಯಾಳಿಗಳ ಹೋಟೆಲು. ಇಲ್ಲಿ ‘ಚೈನೀಸ್’ ಅಂದರೆ ಗೋಬಿ ಮಂಚೂರಿಯನ್, ಚಿಲ್ಲಿ ಚಿಕನ್, ಫ್ರೈಡ್ ರೈಸ್. ಮಂಚೂರಿಯನ್‌ನ ಗುರುತು ಚೀನಾದವರಿಗೆ ಸಿಗಲಿಕ್ಕಿಲ್ಲ. ಅದು 1975ರ ಸುಮಾರಿಗೆ ಮುಂಬೈಯಲ್ಲಿ, ಕೋಲ್ಕತ್ತದಿಂದ ಬಂದ ನೆಲ್ಸನ್ ವಾಂಗ್ ಎಂಬ ಬಾಣಸಿಗರ ಕೈಯಲ್ಲಿ ಹುಟ್ಟಿತು ಎನ್ನುತ್ತಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಅದು ನಮ್ಮದೇ ಪದಾರ್ಥ.

ತಲೆ ಕೆಡಿಸಿದ್ದು ಪಟ್ಟಿಯ ತಳದಲ್ಲಿ ಈಚೆಗೆ ಸೇರಿದ ಸಾಲು: ‘ಡಿಮ್ ಸಮ್, 6 ಪೀಸ್’. ಯಾವ ಡಿಮ್ ಸಮ್ ಅಂತ ಕೇಳಿದರೆ ಸಪ್ಲೈಯರ್ ಹುಡುಗ ಮುಖ ನೋಡುತ್ತಾನೆ. ‘ಸ್ಟೀಮ್ ವೇಣೋ, ಫ್ರೈ ವೇಣೋ?’ ಅವನ ಲೆಕ್ಕಕ್ಕೆ ಇರುವುದು ಎರಡೇ ಜಾತಿ. ನಮ್ಮೂರ ಹೋಟೆಲಿನ ಬೋರ್ಡಿನ ಮೇಲೆ ಇಡ್ಲಿ, ಬನ್ಸ್, ಗೋಳಿಬಜೆ ಯಾವುದನ್ನೂ ಬರೆಯದೆ ಬರೀ ‘ತಿಂಡಿ, 6 ಪೀಸ್’ ಅಂತ ಬರೆದರೆ ಹೇಗೋ ಹಾಗಿದೆ ಇದು. ಡಿಮ್ ಸಮ್ ಒಂದು ತಿಂಡಿಯಲ್ಲ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಸೀಮೆಯ ಇಡೀ ತಿಂಡಿಗಳ ಬಳಗ.

*

ಚಹಾ ಎಲ್ಲಿ ಹೋಯಿತು?

ಗುವಾಂಗ್‌ಝೌನಲ್ಲಾಗಲಿ ಹಾಂಗ್‌ಕಾಂಗ್‌ನಲ್ಲಾಗಲಿ ಮೇಜಿಗೆ ಕೂತವರಿಗೆ ಮೊದಲು ಬೀಳುವ ಪ್ರಶ್ನೆ ಯಾವ ಚಹಾ ಎಂಬುದು. ಕಪ್ಪು ಪು-ಎರ್, ಮಲ್ಲಿಗೆಯದು, ಸೇವಂತಿಗೆಯದು. ತಿಂಡಿಯ ಮಾತು ಆಮೇಲೆ. ಡಿಮ್ ಸಮ್ ತಿನ್ನಲು ಹೋಗುವುದನ್ನು ಅಲ್ಲಿಯವರು ‘ಯಂ ಚಾ’ ಎನ್ನುತ್ತಾರೆ, ಅಂದರೆ ಚಹಾ ಕುಡಿಯುವುದು. ಬಿದಿರಿನ ಬುಟ್ಟಿಯಲ್ಲಿ ಮೂರೋ ನಾಲ್ಕೋ ತುಂಡು ಬರುತ್ತದೆ, ಎಲ್ಲರೂ ಹಂಚಿಕೊಳ್ಳುತ್ತಾರೆ. ಒಬ್ಬನೇ ಹೋದರೆ ಹಳೇ ಪದ್ಧತಿ ಒಂದು ಬಟ್ಟಲು ಚಹಾ, ಎರಡು ತಿಂಡಿ. ಪೇಪರ್ ಓದುತ್ತ ಗಂಟೆಗಟ್ಟಲೆ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ.

ಸುವೈಕ್‌ನ ಡಿಮ್ ಸಮ್ ಜೊತೆಗೆ ಬರುವುದು ಮೇಯೊನೀಸ್, ಒಂದು ಕೆಂಪು ಸಾಸು, ಒಂದು ಪೆಪ್ಸಿ.

ಚಹಾಕ್ಕೆ ಈ ಊರಲ್ಲಿ ಬರವೇನೂ ಇಲ್ಲ. ಕಾರಿನ ಹಾರ್ನ್ ಒತ್ತಿದರೆ ಕರಕ್ ಚಹಾ ಕಿಟಕಿಗೇ ಬರುತ್ತದೆ. ಒಮಾನಿ ಮನೆಗೆ ಹೋದರೆ ಖರ್ಜೂರ, ಹಲ್ವಾ, ಆಮೇಲೆ ಏಲಕ್ಕಿ ಹಾಕಿದ ಕಾಫಿ, ಅಂದರೆ ಕಹ್ವಾ. ಅದರ ಪುಟ್ಟ ಬಟ್ಟಲಿಗೆ ಹಿಡಿಯೇ ಇಲ್ಲ. ಬಟ್ಟಲು ಖಾಲಿಯಾದರೆ ಮತ್ತೆ ತುಂಬುತ್ತಾರೆ, ಸಾಕು ಎನ್ನಲು ಬಟ್ಟಲನ್ನು ಎಡಬಲಕ್ಕೆ ಅಲ್ಲಾಡಿಸಬೇಕು. ಬಾಯಲ್ಲಿ ಹೇಳಬೇಕಿಲ್ಲ. ಇದು ಗೊತ್ತಿಲ್ಲದ ನಮ್ಮವರು ಸಂಕೋಚದಿಂದ ಕುಡಿದು ಕುಡಿದು ರಾತ್ರಿ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಗುವಾಂಗ್‌ಡಾಂಗ್‌ನ ಚಹಾ ಮೇಜಿಗೂ ಇಂಥ ಸನ್ನೆಗಳಿವೆ. ಕೆಟಲಿನ ಮುಚ್ಚಳ ಓರೆ ಮಾಡಿಟ್ಟರೆ ಬಿಸಿನೀರು ತನ್ನಿ ಎಂದರ್ಥ. ಯಾರಾದರೂ ನಿಮ್ಮ ಬಟ್ಟಲಿಗೆ ಚಹಾ ಸುರಿದರೆ ಎರಡು ಬೆರಳು ಮಡಿಸಿ ಮೇಜಿನ ಮೇಲೆ ತಟ್ಟಬೇಕು, ಅದು ಧನ್ಯವಾದ. ಚಿಯಾನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ಸುತ್ತುವಾಗ ತನ್ನ ಸೇವಕನಿಗೇ ಚಹಾ ಬಗ್ಗಿಸಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾದೀತೆಂದು ಸೇವಕ ಬೆರಳುಗಳಿಂದಲೇ ಅಡ್ಡಬಿದ್ದನಂತೆ. ಕಥೆ ನಿಜವೋ ಸುಳ್ಳೋ, ಬೆರಳು ತಟ್ಟುವುದು ಈಗಲೂ ನಡೆಯುತ್ತಿದೆ. ಮಾತಿಲ್ಲದೆ ಬಟ್ಟಲಿನ ಮೂಲಕವೇ ಮರ್ಯಾದೆ ನಡೆಸುವ ಒಮಾನಿಗಳ ನಡುವೆ ಬಂದ ತಿಂಡಿ ಚಹಾವನ್ನೇ ಬಿಟ್ಟು ಬಂದದ್ದು ಯಾಕೆ?

*

ಅಡುಗೆಮನೆಯ ಬಾಗಿಲಲ್ಲಿ ನಿಂತು ವಿಚಾರಿಸಿದೆ. ‘ಚೈನೀಸ್ ಮಾಸ್ಟರ್’ ನೇಪಾಳದವನು. ಅವನು ಮಾಡುವುದು ಮೈದಾ ಹಾಳೆಯ, ಕೋಳಿ ಕೀಮಾದ ಮೋಮೋ. ನಮ್ಮ ಬೈಲುಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಟಿಬೆಟ್ಟಿನವರು 60ರ ದಶಕದಲ್ಲಿ ಬಂದು ನೆಲೆಸಿದಂದಿನಿಂದ ಇರುವ ಅದೇ ಮೋಮೋ. ‘ಮೋಮೋ ಅಂತ ಬರೆದರೆ ಎಂಟುನೂರು ಬೈಸಾ ಸಾರ್, ಡಿಮ್ ಸಮ್ ಅಂದರೆ ಒಂದೂವರೆ ರಿಯಾಲ್’ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ತನ್ನ ಊಟಕ್ಕೆ ಅವನು ಟೊಮೆಟೊ, ಎಳ್ಳು ಹಾಕಿದ ಚಟ್ನಿ ಬೇರೆ ಮಾಡಿಕೊಂಡಿದ್ದ. ಗಿರಾಕಿಗಳಿಗೆ ಮಾತ್ರ ಮೇಯೊನೀಸ್.

ಆ ಚಟ್ನಿ ಸ್ವಲ್ಪ ಕೇಳಿ ಹಾಕಿಸಿಕೊಂಡೆ. ಸೊಗಸಾಗಿತ್ತು.

*

ಡಿಮ್ ಸಮ್ ಬಳಗದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹಾ ಗಾವ್, ಸಿಗಡಿ ತುಂಬಿದ ಪುಟ್ಟ ಕಡುಬು. ಅದರ ಸಿಪ್ಪೆಯೊಳಗಿಂದ ಸಿಗಡಿಯ ನಸುಗೆಂಪು ಬಣ್ಣ ಕಾಣಬೇಕು. ಹಿಟ್ಟು ಪಾರದರ್ಶಕವಾಗುವುದು ಹೇಗೆ? ಮೈದಾವನ್ನು ಎಷ್ಟು ತೆಳ್ಳಗೆ ಲಟ್ಟಿಸಿದರೂ ಅದು ಬಿಳಿಯೇ.

ಉತ್ತರ ಸಿಕ್ಕಿದ್ದು ಹಲ್ವಾದಲ್ಲಿ. ಮನೆಯಲ್ಲಿ ಗೋಧಿ ಹಾಲಿನ ಹಲ್ವಾ ಮಾಡುವವರಿಗೆ ಇದು ಗೊತ್ತು. ಗೋಧಿ ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆಯುತ್ತೇವೆ. ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಗಟ್ಟಿ ಬಿಳಿ ಪಿಷ್ಟ ಕೂರುತ್ತದೆ. ಬಟ್ಟೆಯಲ್ಲಿ ಉಳಿಯುವುದು ರಬ್ಬರಿನ ಹಾಗೆ ಎಳೆದಾಡುವ ಅಂಟು, ಗ್ಲುಟೆನ್. ರೊಟ್ಟಿಗೆ ಬಲ ಕೊಡುವುದೂ ಅದೇ, ಅದನ್ನು ಮಬ್ಬಾಗಿಸುವುದೂ ಅದೇ. ಅಂಟು ಕಳೆದ ಪಿಷ್ಟ ನೀರಿನಲ್ಲಿ ಬೆಂದರೆ ಅದರ ಕಣಗಳು ನೀರು ಹೀರಿ ಉಬ್ಬಿ ಒಡೆದು, ಬೆಳಕು ಹಾಯುವಂಥ ಜಿಗುಟು ಪಾಕವಾಗುತ್ತದೆ. ಒಮಾನಿ ಹಲ್ವಾವೂ ಪಿಷ್ಟದ್ದೇ. ದೊಡ್ಡ ತಾಮ್ರದ ಪಾತ್ರೆಯಲ್ಲಿ ಪಿಷ್ಟ, ಸಕ್ಕರೆ, ತುಪ್ಪ, ಕೇಸರಿ, ಏಲಕ್ಕಿ, ಗುಲಾಬಿ ನೀರು ಹಾಕಿ ಗಂಟೆಗಟ್ಟಲೆ ತಿರುವುತ್ತಾರೆ. ಆರಿದ ಹಲ್ವಾವನ್ನು ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಕಂದು ಗಾಜು.

ಹಾ ಗಾವ್ ಸಿಪ್ಪೆಗೂ ಬೇಕಾದದ್ದು ಅಂಟು ತೊಳೆದು ತೆಗೆದ ಗೋಧಿ ಪಿಷ್ಟವೇ, ಜೊತೆಗೆ ಸ್ವಲ್ಪ ಮರಗೆಣಸಿನ ಪಿಷ್ಟ. ಕುದಿಯುವ ನೀರನ್ನು ಒಮ್ಮೆಗೇ ಸುರಿದು ಕಲಸುತ್ತಾರೆ. ನೀರು ತುಸು ಆರಿದ್ದರೂ ಹಿಟ್ಟು ಪುಡಿಪುಡಿ. ಮೋದಕದ ಕಣಕಕ್ಕೆ ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸುವುದೂ ಇದೇ ಕಾರಣಕ್ಕೆ: ಅಂಟಿಲ್ಲದ ಹಿಟ್ಟಿಗೆ ಬಿಸಿಯೇ ಬಂಧ. ಆದರೆ ಲಟ್ಟಣಿಗೆಯ ಕೆಲಸ ಅಲ್ಲಿಲ್ಲ. ಅಗಲವಾದ ಕತ್ತಿಯ ಚಪ್ಪಟೆ ಬದಿಗೆ ಎಣ್ಣೆ ಸವರಿ, ಉಂಡೆಯ ಮೇಲಿಟ್ಟು ಒತ್ತಿ ಒಂದು ಸುತ್ತು ತಿರುಗಿಸುತ್ತಾರೆ. ದುಂಡನೆಯ ತೆಳು ಹಾಳೆ ಸಿದ್ಧ. ಸಿಗಡಿ ಇಟ್ಟು ಒಂದು ಬದಿಗೆ ಮಾತ್ರ ನೆರಿಗೆ ಹಿಡಿಯುತ್ತಾರೆ. ಕನಿಷ್ಠ ಏಳು ನೆರಿಗೆ, ಹತ್ತಕ್ಕೆ ಮೇಲಾದರೆ ಶಹಬ್ಬಾಸ್. ಬಾಣಸಿಗನ ಯೋಗ್ಯತೆ ಅಳೆಯುವುದೇ ಇದರಲ್ಲಿ. ಆರೇಳು ನಿಮಿಷದ ಹಬೆಯಲ್ಲಿ ಬಿಳಿ ಹಾಳೆ ಗಾಜಾಗುತ್ತದೆ.

ಮತ್ತೆ ಬೇಗ ಗಾಜುತನ ಕಳೆದುಕೊಳ್ಳುತ್ತದೆ ಕೂಡ. ಆರಿದಂತೆಲ್ಲ ಪಿಷ್ಟ ಗಟ್ಟಿಯಾಗಿ ಮಬ್ಬಾಗುತ್ತದೆ. ಫ್ರೀಜರ್‌ನಿಂದ ತೆಗೆದರೆ ಬಿರುಕು ಬಿಡುತ್ತದೆ, ಚಾಪ್‌ಸ್ಟಿಕ್ ತಾಗಿದರೆ ಹರಿಯುತ್ತದೆ. ಸುವೈಕ್‌ನ ‘ಡಿಮ್ ಸಮ್’ ಯಾಕೆ ಮೈದಾದ್ದು, ಯಾಕೆ ಹೆಚ್ಚಾಗಿ ಕರಿದದ್ದು ಎಂಬುದಕ್ಕೆ ಅರ್ಧ ಕಾರಣ ಇಲ್ಲೇ ಇದೆ ಅನ್ನಿಸುತ್ತದೆ. ಮೈದಾ ಸಿಪ್ಪೆ ತಣ್ಣಗಾದರೂ ಸಹಿಸುತ್ತದೆ, ಪ್ರಯಾಣ ಮಾಡುತ್ತದೆ. ಹಾ ಗಾವ್ ಹಬೆಯಿಂದ ಬಾಯಿಗೆ ನೇರ ಬರಬೇಕು. ಪಾರ್ಸೆಲ್ಲಿಗೆ ಹೇಳಿಸಿದ್ದಲ್ಲ.

ಮರೆಯುವ ಮೊದಲು ಬರೆದಿಡಬೇಕು: ತೊಳೆದಾಗ ಉಳಿದ ಆ ಅಂಟನ್ನೂ ಚೀನೀಯರು ಎಸೆಯುವುದಿಲ್ಲ. ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆಯಲ್ಲಿ ಅದನ್ನೇ ಬೇಯಿಸಿ, ಕರಿದು ಮಾಂಸದ ಬದಲಿಗೆ ಬಳಸುತ್ತಾರೆ. ನಮ್ಮಲ್ಲಿ ಅದು ಮಕ್ಕಳ ಬಾಯಿಗೆ ಚೂಯಿಂಗ್ ಗಮ್ ಆಗಿ, ಆಮೇಲೆ ತಿಪ್ಪೆಗೆ.

*

ಹೋಟೆಲು ಬಿಟ್ಟು ಹುಡುಕಿದರೆ ಸುವೈಕ್‌ನಲ್ಲೂ ಡಿಮ್ ಸಮ್ ಇದೆ, ನಮ್ಮ ಮೇಲಿನ ಮಹಡಿಯಲ್ಲೇ. ಅಲ್ಲಿ ಫಿಲಿಪೀನ್ಸ್‌ನ ನರ್ಸುಗಳಿದ್ದಾರೆ. ನನ್ನ ಹೆಂಡತಿ ಅವರಲ್ಲಿ ಹಿರಿಯಳನ್ನು ‘ಸಿಸ್ಟರ್’ ಎನ್ನುತ್ತಾಳೆ, ಆಕೆ ನನ್ನನ್ನು ‘ಕುಯಾ’ ಎನ್ನುತ್ತಾರೆ, ಅಂದರೆ ಅಣ್ಣ. ಡ್ಯೂಟಿ ಇಲ್ಲದ ಶುಕ್ರವಾರ ಅವರು ಮಾಡುವುದು ಸಿಯೊಮಾಯ್. ಫಿಲಿಪೀನ್ಸ್‌ಗೆ ಹೋಗಿ ನೆಲೆಸಿದ ದಕ್ಷಿಣ ಚೀನಾದ ವಲಸಿಗರಿಂದ ಬಂದ ತಿಂಡಿ ಅದು, ಡಿಮ್ ಸಮ್ ಮೇಜಿನ ಸಿಯು ಮಾಯ್‌ನ ನೇರ ಸಂಬಂಧಿ. ಮನಿಲಾದಲ್ಲಿ ರಸ್ತೆ ಬದಿಯಲ್ಲೇ ಸಿಗುತ್ತದೆ.

ಅವರ ಕೈ ನೋಡುತ್ತ ಕೂತೆ. ಎಡಗೈ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಗುರ. ಅದರ ಮೇಲೆ ಹಳದಿ ಹಾಳೆ. ಚಮಚದಿಂದ ಕೀಮಾ ಇಟ್ಟು ಕೆಳಕ್ಕೆ ಒತ್ತಿದರೆ ಹಾಳೆ ತಾನೇ ಮಡಿಕೆ ಮಡಿಕೆಯಾಗಿ ಮೇಲೇಳುತ್ತದೆ. ಉಂಗುರ ಬಿಗಿ ಮಾಡಿದರೆ ನಡು ಬರುತ್ತದೆ. ತಳವನ್ನು ತಟ್ಟೆಗೆ ಒಮ್ಮೆ ಕುಟ್ಟುತ್ತಾರೆ, ನೆಟ್ಟಗೆ ನಿಲ್ಲಲಿ ಎಂದು. ಬಾಯಿ ಮುಚ್ಚುವುದಿಲ್ಲ, ಅದೇ ಸಿಯು ಮಾಯ್ ಲಕ್ಷಣ. ನೆತ್ತಿಗೆ ಕ್ಯಾರೆಟ್ಟಿನ ಚುಕ್ಕೆ. ಗುವಾಂಗ್‌ಝೌದಲ್ಲಾದರೆ ಅಲ್ಲಿ ಏಡಿಯ ಮೊಟ್ಟೆ ಬಂದೀತು.

ಒಳಗೆ ಇರಬೇಕಾದದ್ದು ಹಂದಿ ಮತ್ತು ಸಿಗಡಿ. ಸುವೈಕ್‌ನಲ್ಲಿ ಹಂದಿಯ ಮಾತೇ ಇಲ್ಲ, ಕೋಳಿ. ‘ಎದೆ ಮಾಂಸ ಹಾಕಿದರೆ ಹತ್ತಿ ಕುಯಾ, ತೊಡೆಯದ್ದೇ ಆಗಬೇಕು’ ಎಂದರು, ಮೇಲೆ ಎರಡು ಚಮಚ ಎಣ್ಣೆ. ಹಂದಿಯ ಕೊಬ್ಬು ಮಾಡುವ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ. ಅವರ ದೊಡ್ಡ ಚಿಂತೆ ಬೇರೆ: ಸೋಯಾ ಸಾಸಿಗೆ ಹಿಂಡಲು ಊರಿನ ಕಲಮಾನ್ಸಿ ಇಲ್ಲಿ ಸಿಗುವುದಿಲ್ಲ. ಅದೊಂದು ಗೋಲಿಯಷ್ಟು ದೊಡ್ಡ, ಕಿತ್ತಳೆ ವಾಸನೆಯ ಹುಳಿಹಣ್ಣು. ಬಾತಿನಾದ ನಿಂಬೆಯನ್ನೇ ಹಿಂಡುತ್ತಾರೆ. ಇಲ್ಲಿನ ಪುಟ್ಟ, ತೆಳು ಸಿಪ್ಪೆಯ, ಕಡು ಹುಳಿ ನಿಂಬೆ. ಬೆಳ್ಳುಳ್ಳಿ ಕರಿದ ಮೆಣಸಿನೆಣ್ಣೆಯ ಮೇಲೆ ಅದು ಬಿದ್ದಾಗ ಏನು ಕಡಿಮೆಯಾಯಿತೋ ನನಗಂತೂ ತಿಳಿಯಲಿಲ್ಲ. ಅವರಿಗೆ ತಿಳಿಯುತ್ತದೆ.

*

ಹಂದಿ ಬಿಟ್ಟ ಸಿಯು ಮಾಯ್ ಅಸಲಿಯೇ? ಈ ಪ್ರಶ್ನೆ ನಾನೇ ಎಬ್ಬಿಸಿಕೊಂಡದ್ದು. ಹುಡುಕುತ್ತ ಹೋದರೆ ಸಿಯು ಮಾಯ್‌ನ ಬೇರು ಕ್ಯಾಂಟನ್, ಅಂದರೆ ಗುವಾಂಗ್‌ಝೌ, ಕಡೆಯದೇ ಅಲ್ಲ. ಉತ್ತರದಲ್ಲಿ, ಒಳ ಮಂಗೋಲಿಯಾದ ಹೊಹಾಟ್ ನಗರದ ಚಹಾ ಅಂಗಡಿಗಳಲ್ಲಿ, ಕುರಿ ಮಾಂಸ ಮತ್ತು ಈರುಳ್ಳಿ ಸೊಪ್ಪು ತುಂಬಿದ ಶಾವ್‌ಮಾಯ್ ಇಂದಿಗೂ ಬೆಳಗಿನ ತಿಂಡಿ. ಅಲ್ಲಿಯ ಹುಯ್ ಮುಸ್ಲಿಮರ ಅಂಗಡಿಗಳಲ್ಲೂ ಧಾರಾಳವಾಗಿ ಸಿಗುತ್ತದೆ. ದಕ್ಷಿಣಕ್ಕೆ ಇಳಿದ ಮೇಲೆ ಅದಕ್ಕೆ ಹಂದಿ, ಸಿಗಡಿ ಸೇರಿದ್ದು. ಹಾಗಿದ್ದರೆ ಸುವೈಕ್‌ನಲ್ಲಿ ಯಾರಾದರೂ ಕುರಿ ಮಾಂಸದ ಸಿಯು ಮಾಯ್ ಮಾಡಿದರೆ ಅದು ಕಲಬೆರಕೆಯಲ್ಲ, ಹಳೆಯ ಮನೆಗೆ ಮರಳಿದ್ದು. ಕುರಿ, ಆಡು ಇಷ್ಟು ಇಷ್ಟಪಡುವ ನಾಡಿನಲ್ಲಿ ಇದು ಯಾರಿಗೂ ಹೊಳೆದಿಲ್ಲವೇಕೋ.

*

ಕ್ಯಾಂಟನ್ ಇಲ್ಲಿಯವರಿಗೆ ಹೊಸ ಊರಲ್ಲ. ಒಮಾನಿನ ಅಬು ಉಬೈದಾ ಎಂಬ ವರ್ತಕ 8ನೆಯ ಶತಮಾನದಲ್ಲೇ ಅಲ್ಲಿಗೆ ಹಡಗಿನಲ್ಲಿ ಹೋಗಿದ್ದನೆಂದು ಹೇಳುತ್ತಾರೆ. ತಾಂಗ್ ರಾಜವಂಶದ ಕಾಲದ ಗುವಾಂಗ್‌ಝೌದಲ್ಲಿ ಅರಬರಿಗೆ, ಪರ್ಷಿಯನ್ನರಿಗೆ ಪ್ರತ್ಯೇಕ ಕೇರಿಯೇ ಇತ್ತು. ಅವರ ಹೆಸರಿನ ಜೊತೆ ಕೇಳಿಬರುವ ಹುವಾಯ್‌ಶೆಂಗ್ ಮಸೀದಿ ಇನ್ನೂ ಇದೆ. 1980ರ ನವೆಂಬರ್‌ನಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಅದೇ ದಾರಿ ಹಿಡಿದು ಮಸ್ಕತ್‌ನಿಂದ ಹೊರಟರು. ಹಡಗಿನ ಹೆಸರು ‘ಸೊಹಾರ್’, ಸುವೈಕ್‌ನಿಂದ ಇದೇ ಕರಾವಳಿಯಲ್ಲಿ ಮುಂದಿರುವ ಬಂದರಿನದು. ಕಟ್ಟಿದ್ದು ಸೂರ್ ಪಟ್ಟಣದಲ್ಲಿ, ಮರ ಹೋದದ್ದು ಕೇರಳ ಕಡೆಯಿಂದ. ಮೊಳೆಯಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಅದು 1981ರ ಜುಲೈಯಲ್ಲಿ ಗುವಾಂಗ್‌ಝೌ ಮುಟ್ಟಿತು. ಈಗ ಮಸ್ಕತ್‌ನ ಅಲ್ ಬುಸ್ತಾನ್ ಹತ್ತಿರ ರಸ್ತೆಯ ವೃತ್ತದಲ್ಲಿ ನಿಂತಿದೆ.

ಆ ಕಾಲದ ವರ್ತಕರು ಅಲ್ಲಿಂದ ರೇಷ್ಮೆ ತಂದರು, ಪಿಂಗಾಣಿ ತಂದರು. ಹಬೆ ಬುಟ್ಟಿ ಮಾತ್ರ ಬರಲಿಲ್ಲ. ಬರುವಂತೆಯೂ ಇರಲಿಲ್ಲ: ಇಂದಿನ ಡಿಮ್ ಸಮ್ ಮೇಜು ರೂಪುಗೊಂಡದ್ದು ಬಹಳ ಈಚೆಗೆ, 19ನೆಯ ಶತಮಾನದ ಕೊನೆಯಿಂದ ಗುವಾಂಗ್‌ಝೌ, ಹಾಂಗ್‌ಕಾಂಗ್‌ಗಳ ಚಹಾ ಮನೆಗಳ ಪೈಪೋಟಿಯಲ್ಲಿ. ಹಾ ಗಾವ್ ಕೂಡ 20ನೆಯ ಶತಮಾನದ ಮೊದಲ ದಶಕಗಳದ್ದು, ಗುವಾಂಗ್‌ಝೌ ಅಂಚಿನ ಹೊಳೆ ಬದಿಯ ಚಹಾ ಅಂಗಡಿಯೊಂದರದ್ದು ಎನ್ನುತ್ತಾರೆ.

ಈಗ ವ್ಯಾಪಾರ ತಿರುಗಿದೆ. ಧೋಫಾರ್ ಕಡಲಿನ ‘ಸುಫೈಲಾ’, ಅಂದರೆ ಅಬಲೋನಿ ಚಿಪ್ಪುಜೀವಿಯನ್ನು ವರ್ಷದಲ್ಲಿ ಕೆಲವೇ ದಿನ ಮುಳುಗಿ ಹಿಡಿಯಲು ಬಿಡುತ್ತಾರೆ. ಹೆಚ್ಚಿನದು ಹೋಗುವುದು ಹಾಂಗ್‌ಕಾಂಗ್ ಕಡೆಗೆ. ಅಲ್ಲಿ ದುಬಾರಿ ಸಿಯು ಮಾಯ್‌ನ ನೆತ್ತಿಯ ಮೇಲೆ ಅಬಲೋನಿಯ ತುಂಡು ಕೂರುತ್ತದೆ. ಡಿಮ್ ಸಮ್ ಮೇಜಿನಲ್ಲಿ ಒಮಾನ್ ಇದೆ, ಒಮಾನಿನಲ್ಲಿ ಆ ಮೇಜು ಕಡಿಮೆ.

*

ಮಸ್ಕತ್, ದುಬೈ, ಬೆಂಗಳೂರು ಎಲ್ಲಾದರೂ ನಿಜವಾದ ಮೇಜು ಸಿಕ್ಕಿದರೆ ಏನು ತರಿಸಬೇಕು? ಊರಿಂದ ಬಂದವರಿಗೆಂದು ಬರೆದಿಟ್ಟದ್ದು. ಇದರಲ್ಲಿ ನನ್ನ ಪಕ್ಷಪಾತ ಇದೆ.

ಹಾ ಗಾವ್ ಮೊದಲು. ಅದು ಕೆಟ್ಟಿದ್ದರೆ ಉಳಿದದ್ದಕ್ಕೆ ದುಡ್ಡು ಹಾಕಬೇಡಿ. ಸಿಯು ಮಾಯ್ ಆಮೇಲೆ. ಚಾ ಸಿಯು ಬಾವ್ ಎಂದರೆ ಬಿಳಿ ಬನ್ನಿನೊಳಗೆ ಸಿಹಿಯಾಗಿ ಸುಟ್ಟ ಹಂದಿ. ಕೊಲ್ಲಿಯ ಊರುಗಳಲ್ಲಿ ಕೋಳಿಯದು ಸಿಗುತ್ತದೆ. ಬನ್ನು ನೆತ್ತಿಯಲ್ಲಿ ಬಿರಿದು ನಗುತ್ತಿರಬೇಕು. ಮೊಟ್ಟೆಯ ಟಾರ್ಟ್ ಸೇರಿದರೆ ಇವೇ ನಾಲ್ಕು, ಅಲ್ಲಿಯವರು ‘ನಾಲ್ವರು ರಾಜರು’ ಎನ್ನುವ ತಿಂಡಿಗಳು.

ಕರಾವಳಿಯವರಿಗೆ ನಾನು ಹೇಳುವುದು ಚಿಯೊಂಗ್ ಫನ್. ಅಕ್ಕಿ ನೆನೆಸಿ ನೀರುನೀರಾಗಿ ರುಬ್ಬಿದ ಹಿಟ್ಟನ್ನು ತಟ್ಟೆಗೆ ತೆಳ್ಳಗೆ ಹೊಯ್ದು ಹಬೆಯಲ್ಲಿ ಬೇಯಿಸಿ, ಸಿಗಡಿ ಇಟ್ಟು ಸುರುಳಿ ಸುತ್ತಿ, ಸಿಹಿ ಸೋಯಾ ಸುರಿಯುತ್ತಾರೆ. ನೀರುದೋಸೆಯನ್ನು ಕಾವಲಿಗೆ ಹಾಕದೆ ಹಬೆಗೆ ಇಟ್ಟಿದ್ದರೆ ಇದಾಗುತ್ತಿತ್ತು. ಲೊ ಮಾಯ್ ಗಾಯ್ ತಾವರೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಅಂಟು ಅಕ್ಕಿ ಮತ್ತು ಕೋಳಿ. ಎಲೆ ಬಿಚ್ಚಿದಾಗಿನ ಪರಿಮಳಕ್ಕೆ ಅರಿಶಿನ ಎಲೆಯ ಕಡುಬು ತಿಂದ ಮೂಗಿಗೆ ವಿವರಣೆ ಬೇಕಿಲ್ಲ. ಆದರೆ ಅದೊಂದೇ ಹೊಟ್ಟೆ ತುಂಬಿಸಿಬಿಡುತ್ತದೆ, ಕೊನೆಗೆ ತರಿಸಿ. ಕೋಳಿ ಕಾಲನ್ನು ಕರಿದು, ನೆನೆಸಿ, ಮಸಾಲೆಯಲ್ಲಿ ಬೇಯಿಸಿ, ಮತ್ತೆ ಹಬೆಗಿಡುವಷ್ಟು ತಾಳ್ಮೆ ಇರುವ ಜನ ಇವರು. ನನಗೆ ತಿನ್ನಲು ಅಷ್ಟು ತಾಳ್ಮೆ ಇಲ್ಲ, ಮೂಳೆ ಉಗಿಯುವುದೇ ಕೆಲಸ.

ಶಿಯಾವ್‌ಲಾಂಗ್‌ಬಾವ್, ಒಳಗೆ ಸೂಪ್ ಇರುವ ಕಡುಬು, ಶಾಂಘೈ ಕಡೆಯದು. ಕ್ಯಾಂಟನ್ ಬಳಗದ್ದಲ್ಲದಿದ್ದರೂ ಎಲ್ಲ ಪಟ್ಟಿಗಳಲ್ಲೂ ನುಗ್ಗಿದೆ. ಸೂಪು ಒಳಗೆ ಹೋಗುವುದು ಸೂಜಿಯಿಂದಲ್ಲ. ಸಾಂಪ್ರದಾಯಿಕವಾಗಿ ಹಂದಿ ಚರ್ಮ ಕುದಿಸಿದ ರಸ ತಣ್ಣಗಾಗಿ ಹೆಪ್ಪುಗಟ್ಟುತ್ತದೆ, ಅದನ್ನು ಕೊಚ್ಚಿ ಕೀಮಾಕ್ಕೆ ಬೆರೆಸುತ್ತಾರೆ, ಹಬೆಯಲ್ಲಿ ಮತ್ತೆ ಕರಗುತ್ತದೆ. ಇಡಿಯಾಗಿ ಬಾಯಿಗೆ ಹಾಕಿದರೆ ನಾಲಿಗೆ ಸುಡುವುದು ಖಂಡಿತ.

ಅವರಲ್ಲಿ ಭಾವ ಸಸ್ಯಾಹಾರಿ. ಇಲ್ಲಿ ಎಚ್ಚರ ಬೇಕು. ‘ಮೂಲಂಗಿ ಕೇಕ್’ ಎಂದು ಬರೆದಿರುವ ಲೊ ಬಾಕ್ ಗೊ ನೋಡಲು ಪರಮ ಸಾತ್ವಿಕ. ಮೂಲಂಗಿ ತುರಿ, ಅಕ್ಕಿ ಹಿಟ್ಟು ಹಬೆಯಲ್ಲಿ ಬೇಯಿಸಿ, ಕೊಯ್ದು, ಕಾವಲಿಯಲ್ಲಿ ಕೆಂಪಗೆ ಮಾಡಿದ್ದು. ಆದರೆ ಒಳಗೆ ಒಣ ಸಿಗಡಿ, ಹಂದಿ ಸಾಸೇಜಿನ ಚೂರು. ಕೆಸುವಿನ ಗೆಡ್ಡೆಯ ವು ಗೊಕ್ ಹೊರಗೆ ಜೇಡರಬಲೆ, ಒಳಗೆ ಮಾಂಸ. ತರಕಾರಿಯ ಮೇಲೂ ಆಯ್ಸ್ಟರ್ ಸಾಸ್ ಸುರಿದಿರುತ್ತಾರೆ, ಮಾವಿನ ಪುಡ್ಡಿಂಗ್‌ನಲ್ಲಿ ಜೆಲಟಿನ್. ಎಳ್ಳು ಮೆತ್ತಿ ಕರಿದ ಅಂಟಕ್ಕಿ ಉಂಡೆ, ಒಳಗೆ ತಾವರೆ ಬೀಜದ ಅಥವಾ ಕೆಂಪು ಕಾಳಿನ ಸಿಹಿ ಹೂರಣ, ಅದು ಹೆಚ್ಚು ನಂಬಬಹುದಾದದ್ದು. ಕರಿದ ಎಣ್ಣೆ ಯಾವುದೆಂದು ಕೇಳಿಯೇ ತಿನ್ನಿ.

*

ಬೆಂಗಳೂರಿನ ವಿಷಯ ಇನ್ನೂ ವಿಚಿತ್ರ. ಬೆಳಿಗ್ಗೆ ಆರಕ್ಕೆ ದರ್ಶಿನಿಯ ಮುಂದೆ ಸಾಲು ನಿಂತು, ಹಬೆಯಲ್ಲಿ ಬೆಂದ ಎರಡು ಇಡ್ಲಿ, ಒಂದು ವಡೆ, ಮೇಲೆ ಕಾಫಿ ಕುಡಿದು, ಪಕ್ಕದವನ ಜೊತೆ ರಾಜಕೀಯ ಮಾತಾಡುವ ಜನಕ್ಕೆ ಬೆಳಗಿನ ಯಂ ಚಾ ಹೊಸದಾಗಿ ಕಲಿಸಬೇಕೆ? ಆದರೂ ಅವರಿಗೆ ಡಿಮ್ ಸಮ್ ಮಾರುವುದು ಮಾಲಿನೊಳಗೆ, ಮಂದ ಬೆಳಕಿನಲ್ಲಿ, ರಾತ್ರಿ, ಎಂಟು ನೂರು ರೂಪಾಯಿಗೆ. ಸುವೈಕ್‌ನಲ್ಲಿಯೂ ಅಷ್ಟೆ, ‘ಚೈನೀಸ್’ ಒಲೆ ಹಚ್ಚುವುದೇ ಮಧ್ಯಾಹ್ನದ ಮೇಲೆ. ಬೆಳಗಿನ ತಿಂಡಿಯನ್ನು ರಾತ್ರಿಯೂಟ ಮಾಡಿದವರು ಯಾರು?

ಸರಿಯಾದ ಹೊತ್ತಿಗೆ ಡಿಮ್ ಸಮ್ ಸಿಗುವ ಹೆಸರಾಂತ ಜಾಗ ನಮ್ಮ ದೇಶದಲ್ಲೇ ಇದೆ: ಕೋಲ್ಕತ್ತದ ಟಿರೆಟ್ಟಾ ಬಜಾರ್. ತಲೆಮಾರುಗಳಿಂದ ಅಲ್ಲಿರುವ ಚೀನೀ ಕುಟುಂಬಗಳು ಬೆಳಕು ಹರಿಯುವಾಗ ರಸ್ತೆ ಬದಿಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನಿಟ್ಟು ಬಾವ್, ಸಿಯು ಮಾಯ್, ಮೀನಿನ ಉಂಡೆಯ ಸೂಪು ಮಾರುತ್ತವೆ. ಭಾನುವಾರ ಹೆಚ್ಚು. ಕುಟುಂಬಗಳು ಕೆನಡಾ, ಆಸ್ಟ್ರೇಲಿಯಾ ಸೇರಿ ಅಂಗಡಿ ಕಡಿಮೆಯಾಗಿವೆ, ಮಾರುವವರಲ್ಲಿ ಚೀನೀಯರಲ್ಲದವರೂ ಇದ್ದಾರೆ. ಹೋಗುವವರು ಆರು ಗಂಟೆಗೇ ಹೋಗಬೇಕು. ಎಂಟೂವರೆಯ ಹೊತ್ತಿಗೆ ಅದೇ ಜಾಗದಲ್ಲಿ ಬರೀ ತರಕಾರಿ, ಮೀನು.